ಸೋರುವ ಕಟ್ಟೆ ನೋಡಲು ಹೋದದ್ದು

ಮೂವತ್ತೊಂದು ವರ್ಷ ನಾನು ನೀರಾವರಿ ಕೆಲಸದ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದೆ. ಬರೆದೆ ಅನ್ನುವುದಕ್ಕಿಂತ ತಿದ್ದಿದೆ ಅಂದರೆ ಸರಿಯಾಗುತ್ತದೆ. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ಹಾಳೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಕೆಳಗಿನಿಂದ ಕಾಣುವ ಗೆರೆಯ ಮೇಲೆ ಕಪ್ಪು ಇಂಕಿನ ಗೆರೆ ಎಳೆಯುವುದು ನನ್ನ ಕೆಲಸ. ಒಂದನೇ ತರಗತಿಯ ಮಕ್ಕಳು ಮೇಷ್ಟರು ಬರೆದುಕೊಟ್ಟ ಅಕ್ಷರವನ್ನು ತಿದ್ದುವ ಹಾಗೆ. ತಪ್ಪಾದರೆ ಬ್ಲೇಡಿನಿಂದ ಇಂಕನ್ನು ಕೆರೆದು ತೆಗೆಯಬೇಕು, ಹಾಳೆ ಹರಿಯಬಾರದು. ಕೊನೆಯ ಹತ್ತು ಹನ್ನೆರಡು ವರ್ಷ ಕಂಪ್ಯೂಟರ್ ಬಂತು. ಆಗಲೂ ಯಾರೋ ಯೋಚಿಸಿದ್ದನ್ನು ಚೊಕ್ಕಟ ಮಾಡಿ ಕೊಡುವುದೇ ನನ್ನ ಪಾಲಿಗೆ ಉಳಿಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಹಿರಿಯರೊಬ್ಬರು ಕಲಿಸಿದ ಮೊದಲ ಪಾಠ, “ಓದ್ಬೇಡಮ್ಮ, ಬರಿ. ಓದಕ್ಕೆ ಹೋದ್ರೆ ಕೈ ತಪ್ಪತ್ತೆ” ಎನ್ನುವುದು. ಅವರ ಮಾತು ನಿಜವೇ ಆಗಿತ್ತು. ಅರ್ಥದ ಕಡೆ ಗಮನ ಹರಿದರೆ ಅಕ್ಷರ ಓರೆಯಾಗುತ್ತಿತ್ತು. ಹಾಗಾಗಿ ನಕ್ಷೆಯ ಬಲಗಡೆ ಇಂಗ್ಲಿಷಿನಲ್ಲಿ ಸಾಲಾಗಿ ಇರುತ್ತಿದ್ದ ಸೂಚನೆಗಳನ್ನು ನಾನು ರಂಗೋಲಿಯ ಎಳೆ ಬಿಡುವಂತೆ ಬಿಟ್ಟು ಮುಗಿಸುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಏನು ಬರೆದೆ ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳಿದ್ದರೆ ಹೇಳಲು ನನಗೆ ಬರುತ್ತಲೂ ಇರಲಿಲ್ಲ.

ನನ್ನ ಮೇಜಿಗೆ ಹೆಚ್ಚಾಗಿ ಬರುತ್ತಿದ್ದದ್ದು ಸಣ್ಣ ಮಣ್ಣಿನ ಕಟ್ಟೆಗಳ ನಕ್ಷೆ. ಎರಡು ದಿಣ್ಣೆಗಳ ನಡುವೆ ಏರಿ ಹಾಕಿ ಮಳೆನೀರು ನಿಲ್ಲಿಸಿ, ಕೆಳಗಿನ ನಾಲ್ಕಾರು ಹೊಲಗಳಿಗೆ ಬಿಡುವಂಥವು. ಏರಿಯನ್ನು ಚಾಕುವಿನಿಂದ ಬೆಣ್ಣೆ ಕತ್ತರಿಸಿದಂತೆ ಅಡ್ಡ ಕತ್ತರಿಸಿ ನೋಡಿದರೆ ಹೇಗೆ ಕಾಣುತ್ತದೋ ಅದು ನನಗೆ ಬಾಯಿಪಾಠ. ನೀರಿನ ಕಡೆ ಕಲ್ಲು ಹೊದಿಸಿದ ಇಳಿಜಾರು, ಹೊಟ್ಟೆಯಲ್ಲಿ ಜೇಡಿಮಣ್ಣು, ಆಚೆ ಬದಿಗೆ ಹುಲ್ಲು, ತಳದಲ್ಲಿ ಮರಳು ಮತ್ತು ಕಲ್ಲು. ಇಷ್ಟು ಬರೆದರೂ ಅಂಥ ಕಟ್ಟೆಯನ್ನು ನಾನು ಹತ್ತಿರದಿಂದ ನೋಡಿದ್ದೇ ಇಲ್ಲ. ಸ್ಥಳ ನೋಡಲು ಜೀಪು ಹೊರಡುತ್ತಿತ್ತು. ಅದರಲ್ಲಿ ಗಂಡಸರು ಹೋಗುತ್ತಿದ್ದರು. ನಾನೂ ಬರುತ್ತೇನೆ ಅಂತ ಒಂದು ಸಲವೂ ಕೇಳಲಿಲ್ಲ. ಸಂಜೆ ಐದೂವರೆಗೆ ಬಸ್ಸು ಹಿಡಿದು ವಿಜಯನಗರಕ್ಕೆ ಬಂದು ಕುಕ್ಕರ್ ಇಡಬೇಕಿತ್ತು.

ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ನಮ್ಮ ಬೀದಿಗೆ ಬೆಳಗ್ಗೆ ಏಳಕ್ಕೆ ಸೊಪ್ಪು ತರುವ ಹೆಂಗಸೊಬ್ಬಳಿದ್ದಾಳೆ. ನಲವತ್ತೈದರ ಆಸುಪಾಸು, ದೊಡ್ಡ ದನಿ, ದಂಟಿನ ಸೊಪ್ಪನ್ನು ಮಗುವಿನ ಜಡೆ ಹಿಡಿದಂತೆ ಹಿಡಿದು ತೋರಿಸುತ್ತಾಳೆ. ಕೆಂಗೇರಿಯ ಆಚೆ ಅವರ ಜಮೀನು. ಗಂಡ ತನ್ನ ಗೂಡ್ಸ್ ಆಟೋದಲ್ಲಿ ನಸುಕಿಗೇ ಸೊಪ್ಪು ತುಂಬಿಕೊಂಡು ಬಂದು ಮಾರ್ಕೆಟ್ಟಿಗೆ ಹಾಕುತ್ತಾನೆ, ಉಳಿದದ್ದನ್ನು ಇವಳು ಬುಟ್ಟಿಯಲ್ಲಿಟ್ಟು ಬೀದಿಗಳಲ್ಲಿ ಮಾರುತ್ತಾಳೆ.

ಸಂಕ್ರಾಂತಿ ಕಳೆದ ವಾರ ಅವಳು ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ ಒಂಬತ್ತು ಗಂಟೆ. ಸೀರೆಯ ಅಂಚಿನಲ್ಲಿ ಕೆಸರು ಒಣಗಿ ಗಟ್ಟಿಯಾಗಿತ್ತು. ಏನಾಯಿತು ಅಂತ ಕೇಳಿದೆ. ಕಟ್ಟೆ ಸೋರ್ತಾ ಇದೆ, ಏರಿಯ ಬುಡದಲ್ಲಿ ನೀರಿನ ಊಟೆ ಎದ್ದಿದೆ, ಮೊದಲು ಬೆರಳು ಗಾತ್ರ ಇದ್ದದ್ದು ಈಗ ಕೈ ಗಾತ್ರ ಆಗಿದೆ ಅಂದಳು. ನಮ್ಮ ಯಜಮಾನರು ಒಳಗೆ ಪೇಪರ್ ಓದುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ತಮಾಷೆ ಜಾಸ್ತಿ. “ನಿಮ್ಮ ಎದುರಿಗೇ ನಿಂತಿದಾರಲ್ಲಮ್ಮ, ಮೂವತ್ತು ವರ್ಷ ಕಟ್ಟೆ ಬಿಟ್ಟು ಬೇರೇನೂ ಬರೆದವರಲ್ಲ ಇವರು” ಅಂತ ಅಲ್ಲಿಂದಲೇ ಹೇಳಿದರು.

ಸೊಪ್ಪಿನವಳು ನನ್ನ ಮುಖವನ್ನೇ ನೋಡಿದಳು. ನಾನು ಕೈ ಆಡಿಸಿ, ಅಯ್ಯೋ ನಾನು ಎಂಜಿನಿಯರ್ ಅಲ್ಲಮ್ಮ, ಬೇರೆಯವರು ಬರೆದದ್ದನ್ನು ನೋಡಿಕೊಂಡು ಬರೆಯುತ್ತಿದ್ದೆ ಅಷ್ಟೇ, ಅಂದೆ. ಅವಳಿಗೆ ಅದೆಲ್ಲ ಬೇಕಿರಲಿಲ್ಲ.

“ನೋಡಕ್ಕೇನಮ್ಮ? ಬಂದು ಒಂದು ಕಿತ ನೋಡಿ. ನಮ್ಮತ್ತೆ ನಿದ್ದೆ ಮಾಡಿ ನಾಕು ದಿನ ಆಯ್ತು.”

ಅವಳು ಹೋದ ಮೇಲೆ ಯಜಮಾನರ ಮೇಲೆ ಸಿಟ್ಟು ಮಾಡಿದೆ. ಸಂಜೆ ಹೊತ್ತಿಗೆ ಆ ಸಿಟ್ಟು ಬೇರೆಯೇ ಏನೋ ಆಗಿತ್ತು. ಮೂವತ್ತೊಂದು ವರ್ಷ ಬರೆದ ವಸ್ತು ಮೆಟ್ರೋದಲ್ಲಿ ಹೋದರೆ ಒಂದು ಗಂಟೆಯ ದಾರಿಯೂ ಇಲ್ಲ. ನೋಡಿದರೆ ನಷ್ಟವೇನು? ಮಾರನೆಯ ದಿನ ಅವಳಿಗೆ, ಭಾನುವಾರ ಬರ್ತೀನಿ ಅಂತ ಹೇಳಿಬಿಟ್ಟೆ.

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದಾಗ ಅವಳ ಗಂಡ ಗೂಡ್ಸ್ ಆಟೋ ತಂದು ನಿಲ್ಲಿಸಿದ್ದ. ಮಾತು ಕಡಿಮೆಯ ಮನುಷ್ಯ. ಅವನ ಪಕ್ಕದ ಸೀಟಿನಲ್ಲಿ ನಾನು, ಹಿಂದೆ ಖಾಲಿ ಕ್ರೇಟುಗಳು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಮುಗಿದು, ಸೈಟು ಮಾರಾಟದ ಬೋರ್ಡುಗಳು ಮುಗಿದು, ರಸ್ತೆ ಒಂದು ನೀಲಗಿರಿ ತೋಪಿನ ಹಿಂದೆ ತಿರುಗಿತು. ತಿರುಗಿದ ಕೂಡಲೇ ಹಸಿರು ಮಡಿಗಳು, ಅವುಗಳ ತಲೆಯ ಮೇಲೆ ಉದ್ದಕ್ಕೆ ಮಲಗಿದ ಒಂದು ಹುಲ್ಲಿನ ದಿಬ್ಬ.

ಅದೇ ಏರಿ ಅಂತ ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು. ನಾನು ಯಾವತ್ತೂ ಅದನ್ನು ಕತ್ತರಿಸಿಯೇ ನೋಡಿದವಳು, ಇಡಿಯಾಗಿ ನೋಡಿರಲಿಲ್ಲ. ಎರಡಾಳು ಎತ್ತರ, ಈ ತುದಿಯಿಂದ ಆ ತುದಿಗೆ ನೂರಿಪ್ಪತ್ತು ಹೆಜ್ಜೆ. ನಡೆದು ಎಣಿಸಿದೆ. ಮೇಲೆ ಹತ್ತಿ ನಿಂತಾಗ ಒಂದು ಕಡೆ ಅಲುಗದೆ ನಿಂತ ಕಂದು ನೀರು, ಅದರಲ್ಲಿ ಎರಡು ಬೆಳ್ಳಕ್ಕಿ, ಇನ್ನೊಂದು ಕಡೆ ಕೊತ್ತಂಬರಿ, ಮೆಂತ್ಯ, ದಂಟು, ಸಬ್ಬಸಿಗೆ. ಎರಡರ ನಡುವೆ ಬರೀ ಮಣ್ಣು. ನೀರು ಮಡಿಗಳಿಗಿಂತ ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನುವುದು ಆಗ ಕಣ್ಣಿಗೆ ಬಿತ್ತು. ನಕ್ಷೆಯಲ್ಲಿ ನೀರನ್ನು ತೋರಿಸಲು ಮೂರು ಪುಟ್ಟ ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದೆ. ನೀರು ತಳ್ಳುತ್ತದೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಕೆಳಗೆ ಬುಡದಲ್ಲಿ ಅವಳ ಅತ್ತೆ ಒಂದು ಕಲ್ಲಿನ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ಸಣ್ಣ ದೇಹ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ. ಮಂಚದಲ್ಲಿ ಮಲಗಿದ ರೋಗಿಯನ್ನು ಕಾಯುವ ಹಾಗೆ ಊಟೆಯನ್ನು ಕಾಯುತ್ತಿದ್ದರು. “ಬನ್ನಿ ತಾಯಿ” ಅಂದರು. ಜಾಗ ತೋರಿಸಿದರು. ಹುಲ್ಲಿನ ನಡುವಿನ ಒಂದು ತೂತಿನಿಂದ ನೀರು ಸದ್ದಿಲ್ಲದೆ ಬಂದು ಕಾಲುವೆಗೆ ಸೇರುತ್ತಿತ್ತು.

ನನಗೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಸುಮ್ಮನೆ ಇರಬಾರದೆಂದು ಒಂದು ಚೊಂಬು ಕೇಳಿದೆ. ಊಟೆಯ ನೀರು ಹಿಡಿದು ಕಲ್ಲಿನ ಮೇಲೆ ಇಟ್ಟೆ. ಬರೀ ಜಿನುಗಾದರೆ ನೀರು ತಿಳಿಯಾಗಿರುತ್ತದೆ, ಏರಿ ಕರಗುತ್ತಿದ್ದರೆ ನೀರಿನಲ್ಲಿ ಮಣ್ಣು ಬರುತ್ತದೆ ಅಂತ ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಯಾರೋ ಮಾತಾಡಿದ್ದು ಕೇಳಿದ್ದೆ. ಕಾಫಿ ಕೊಟ್ಟರು, ಕುಡಿದೆವು. ಆಮೇಲೆ ಚೊಂಬನ್ನು ಮೆಲ್ಲಗೆ ಬಗ್ಗಿಸಿದಾಗ ತಳದಲ್ಲಿ ಹೆಬ್ಬೆರಳಗಲ ಕೆಂಪು ಮಣ್ಣು ಕೂತಿತ್ತು.

ಅತ್ತೆ ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಇದು ಏರಿಯದೇ ಮಣ್ಣು ಅಂದರು.

ಇಲ್ಲಿ ಮೊದಲು ಏನಾದರೂ ಇತ್ತಾ ಅಂತ ನಾನು ಕೇಳಿದೆ. ಆ ಪ್ರಶ್ನೆ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಹೊಂಗೆ ಮರ ಇತ್ತು ಅಂದರು. ಏರಿಯ ಮೇಲೇ ಇತ್ತು, ದೊಡ್ಡದು. ಏಳೆಂಟು ವರ್ಷದ ಹಿಂದೆ ಗಾಳಿಗೆ ಒಂದು ಕೊಂಬೆ ಮುರಿದು ಬಿತ್ತು ಅಂತ ಕಡಿಸಿದರು. ಬೊಡ್ಡೆ ಹಾಗೇ ಮಣ್ಣೊಳಗೆ ಇದೆ.

ಆ ಮಾತು ಕೇಳಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ನನ್ನ ಬಲಗೈಗೆ ನೆನಪಾಯಿತು, ಆಮೇಲೆ ತಲೆಗೆ. ನಕ್ಷೆಯ ಬಲಗಡೆಯ ಸೂಚನೆಗಳಲ್ಲಿ ಮೂರನೆಯದು. ಏರಿಯ ಜಾಗದಲ್ಲಿರುವ ಮರದ ಬೊಡ್ಡೆ, ಬೇರುಗಳನ್ನೆಲ್ಲ ಪೂರ್ತಿ ಕಿತ್ತು ತೆಗೆಯತಕ್ಕದ್ದು. ಅದೇ ವಾಕ್ಯವನ್ನು ಎಷ್ಟು ನೂರು ಸಲ ಬರೆದಿದ್ದೆನೋ. ಅದರ ಉದ್ದ ಎಷ್ಟು, ಎಲ್ಲಿ ಸಾಲು ಮುರಿಯಬೇಕು, ಯಾವ ಅಕ್ಷರ ಇಕ್ಕಟ್ಟಾಗುತ್ತದೆ, ಎಲ್ಲಾ ಗೊತ್ತಿತ್ತು. ಬೇರು ಕೊಳೆತರೆ ಅದರ ಜಾಗದಲ್ಲಿ ಒಂದು ಕೊಳವೆ ಉಳಿಯುತ್ತದೆ, ಆ ಕೊಳವೆಯಲ್ಲಿ ನೀರು ನುಗ್ಗುತ್ತದೆ ಅನ್ನುವುದು ಆ ಕಲ್ಲಿನ ಮೇಲೆ ಕೂತಾಗ ಮೊದಲ ಸಲ ತಿಳಿಯಿತು. ಅವಮಾನವೂ ಆಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಅಂತ ಈಗಲೂ ಹೇಳಲಾರೆ.

ಸೊಪ್ಪಿನವಳ ಗಂಡ ಆಗಲೇ ಒಂದು ಮೂಟೆ ಸಿಮೆಂಟು ತಂದಿಟ್ಟಿದ್ದ. ತೂತಿನ ಬಾಯಿಗೆ ಕಲ್ಲು ತುರುಕಿ ಸಿಮೆಂಟು ಬಳಿದರೆ ಆಯ್ತಲ್ಲ ಅನ್ನುವುದು ಅವನ ಲೆಕ್ಕ. ಬೇಡ ಅಂದೆ. ಈ ಬಾಯಿ ಮುಚ್ಚಿದರೆ ಒಳಗೆ ನುಗ್ಗಿದ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ, ಆಗ ಎಲ್ಲಿ ಅಂತ ನಮಗೆ ಕಾಣುವುದೂ ಇಲ್ಲ ಅಂದೆ. ಅಷ್ಟು ಧೈರ್ಯವಾಗಿ ಹೇಳಿದವಳು ನಾನೇ ಹೌದೋ ಅಲ್ಲವೋ ಅನ್ನಿಸಿತು. ಅವನು ತಾಯಿಯ ಮುಖ ನೋಡಿದ.

“ಕುರು ಒಳಗೆ ಇಟ್ಕಂಡು ಮೇಲೆ ಮುಲಾಮ್ ಹಚ್ಚದಾ?” ಅಂತ ಆಕೆ ಮಗನನ್ನು ಕೇಳಿದರು. ಅವನು ಮೂಟೆಯನ್ನು ಹಟ್ಟಿಯೊಳಗೆ ತೆಗೆದಿಟ್ಟ.

ಮನೆಗೆ ಬಂದವಳೇ ನಮ್ಮ ಕಚೇರಿಯಲ್ಲಿದ್ದ ಎಂಜಿನಿಯರೊಬ್ಬರಿಗೆ ಫೋನು ಮಾಡಿದೆ. ನನಗಿಂತ ಮೊದಲೇ ನಿವೃತ್ತರಾಗಿ ನಾಗರಬಾವಿಯಲ್ಲಿ ಇದ್ದಾರೆ. ನಾನು ಬರೆದ ನಕ್ಷೆಗಳಲ್ಲಿ ಅರ್ಧದಷ್ಟು ಅವರದೇ. ನಡೆದದ್ದನ್ನೆಲ್ಲ ಹೇಳಿದೆ. ಎತ್ತರ ಕೇಳಿದರು, ನೀರು ಎಲ್ಲಿವರೆಗೆ ಇದೆ ಕೇಳಿದರು. ಚೊಂಬಿನ ತಳದ ಮಣ್ಣಿನ ವಿಷಯಕ್ಕೆ ಬಂದಾಗ ನನ್ನ ಮಾತನ್ನು ಅಲ್ಲೇ ತಡೆದರು.

“ಮೊದಲು ನೀರು ಇಳಿಸಕ್ಕೆ ಹೇಳಿ. ಇವತ್ತಿಂದಲೇ. ಮಿಕ್ಕಿದ್ದು ಆಮೇಲೆ. ನಿಮ್ಮ ನಕ್ಷೆಲೇ ಎಲ್ಲಾ ಇದೆ, ನೀವೇ ಬರೆದಿದ್ದಲ್ವಾ?”

ನೀರು ಇಳಿಸುವುದು ಅಂದರೆ ಬೇಸಿಗೆಯ ನೀರನ್ನು ಈಗಲೇ ಬಿಟ್ಟುಬಿಡುವುದು. ಫೋನಿನಲ್ಲಿ ಅದನ್ನು ಸೊಪ್ಪಿನವಳಿಗೆ ಹೇಳಿದೆ. ಅವಳು ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಆಕೆ ಇಡೀ ಮಾತು ಕೇಳಿಸಿಕೊಂಡು, ಬೇರೆ ದಾರಿ ಇಲ್ಲವಾ ಅಂತ ಒಂದೇ ಸಲ ಕೇಳಿದರು. ಇಲ್ಲ ಅಂದೆ. ಆಗಲಿ ಅಂದರು. ಅವತ್ತೇ ಸಂಜೆ ತೂಬು ಎತ್ತಿದರಂತೆ. ತಮ್ಮ ಮಡಿಗಳಿಗೆ ಕುಡಿಯುವಷ್ಟು ಕುಡಿಸಿ, ಮಿಕ್ಕಿದ್ದನ್ನು ಕೆಳಗಿನ ದಾಯಾದಿಗಳ ರಾಗಿ ಹೊಲಕ್ಕೂ ಹುರುಳಿಕಾಯಿ ತೋಟಕ್ಕೂ ಬಿಟ್ಟರು. ವರ್ಷಗಳಿಂದ ಮಾತು ಬಿಟ್ಟಿದ್ದ ಒಬ್ಬ ದಾಯಾದಿ ಆ ನೆಪದಲ್ಲಿ ಮನೆಗೆ ಬಂದು ಕೂತು ಹೋದನಂತೆ.

ಆ ಬೇಸಿಗೆಯಲ್ಲಿ ಅವಳ ಬುಟ್ಟಿ ಚಿಕ್ಕದಾಯಿತು. ಬೋರ್‌ವೆಲ್ಲಿನ ನೀರಿಗೆ ಎಷ್ಟು ಮಡಿ ಬದುಕುತ್ತವೋ ಅಷ್ಟೇ ಸೊಪ್ಪು. ಒಮ್ಮೊಮ್ಮೆ ನಮ್ಮ ಬೀದಿಗೆ ಬರುವಷ್ಟರಲ್ಲಿ ಎರಡು ಕಟ್ಟು ಮಾತ್ರ ಉಳಿದಿರುತ್ತಿದ್ದವು. ಅವನ್ನು ನೋಡಿದಾಗಲೆಲ್ಲ ನನಗೆ ಅದೇ ಯೋಚನೆ. ನಾನು ಹೇಳಿದ್ದು ತಪ್ಪಾಗಿದ್ದರೆ? ಅವಳು ಮಾತ್ರ ಒಂದು ದಿನವೂ ಆ ಮಾತು ಎತ್ತಲಿಲ್ಲ. ಕೊತ್ತಂಬರಿ ಕೇಳಿದರೆ, ನಾಳಿದ್ದು ತರ್ತೀನಿ ಅನ್ನುವಳು.

ಯುಗಾದಿಯ ಹೊತ್ತಿಗೆ ಕಟ್ಟೆಯಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ನಾನು ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿ ನಕ್ಷೆ ಬರೆಯಲು ಕೂತೆ. ಕೆಳಗೆ ಇನ್ನೊಬ್ಬರ ಪೆನ್ಸಿಲ್ ಗೆರೆ ಇಲ್ಲದ ಹಾಳೆ. ಒಂದು ಗಂಟೆ ಹೊತ್ತು ಏನೂ ಬರೆಯಲಾಗಲಿಲ್ಲ. ಯಜಮಾನರು ಎರಡು ಸಲ ಬಂದು ನೋಡಿ ಹೋದರು, ಮೂರನೇ ಸಲ ತಾವೇ ಕಾಫಿ ಮಾಡಿ ತಂದಿಟ್ಟರು. ಆಮೇಲೆ ಮೊದಲ ಗೆರೆ ಬಿತ್ತು. ಬೊಡ್ಡೆ ಇರುವ ಜಾಗ, ಅಗೆಯಬೇಕಾದ ಅಗಲ, ಒಳಗೆ ತುಂಬುವ ಜೇಡಿಮಣ್ಣು, ಬುಡದಲ್ಲಿ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಆಮೇಲೆ ಕಲ್ಲು. ಎಲ್ಲಾ ಮುಗಿದು ಕೆಳಗಿನ ಬಲ ಮೂಲೆಯ ಚೌಕಕ್ಕೆ ಬಂದಾಗ ಕೈ ನಿಂತಿತು. ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು ಅಂತ ಅಲ್ಲಿ ಮನೆಗಳಿರುತ್ತವೆ. ನನ್ನ ಸಹಿ ಯಾವಾಗಲೂ ಎರಡನೆಯದರಲ್ಲಿ. ಅವತ್ತು ಮೊದಲನೆಯದರಲ್ಲಿ ಹಾಕಿದೆ. ಯಜಮಾನರು ನೋಡಿ, “ಒಳ್ಳೆ ಸಹಿ ಕಣೇ” ಅಂದರು. ತಮಾಷೆಗೆ ಅಂದದ್ದಲ್ಲ ಅಂತ ಗೊತ್ತಾಯಿತು.

ಎಂಜಿನಿಯರು ನಕ್ಷೆ ನೋಡಲು ತಾವೇ ಸ್ಥಳಕ್ಕೆ ಬರುತ್ತೇನೆ ಅಂದರು. ತಲೆಗೆ ಟೋಪಿ, ಕೈಗೆ ಕೋಲು, ಮೊಣಕಾಲು ನೋವು. ಏರಿಯ ಬುಡದಲ್ಲಿ ನಿಂತು ಹಾಳೆಯನ್ನು ಬಿಸಿಲಿಗೆ ಹಿಡಿದು ಓದಿದರು. ನನಗೆ ಪರೀಕ್ಷೆ ಬರೆದು ಕೂತ ಹಾಗಾಗಿತ್ತು. ಒಂದು ತಪ್ಪು ಸಿಕ್ಕಿತು. ಅಗೆಯುವ ಗುಂಡಿಯ ಬದಿಗಳನ್ನು ನಾನು ಗೋಡೆಯ ಹಾಗೆ ನೇರವಾಗಿ ಬರೆದಿದ್ದೆ. ಹೊಸ ಮಣ್ಣು ಒಣಗಿ ಕುಗ್ಗುತ್ತದೆ, ಬದಿ ನೇರವಾಗಿದ್ದರೆ ಹಳೆಯ ಮಣ್ಣಿನಿಂದ ಬಿಟ್ಟುಕೊಂಡು ಸಂದು ಬೀಳುತ್ತದೆ, ಓರೆಯಾಗಿ ಅಗೆದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ ಅಂತ ವಿವರಿಸಿದರು. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೇ ಕೊಟ್ಟರು. ನಾನು ಅಲ್ಲೇ ಏರಿಯ ಹುಲ್ಲಿನ ಮೇಲೆ ಹಾಳೆ ಹರಡಿ ಗೆರೆಗಳನ್ನು ಓರೆ ಮಾಡಿದೆ.

ಕೆಲಸ ಐದು ದಿನ ನಡೆಯಿತು. ನಾನು ಐದೂ ದಿನ ಹೋದೆ. ಬೊಡ್ಡೆ ಸುಲಭಕ್ಕೆ ಬರಲಿಲ್ಲ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದಾಗ ಒಂದು ದೊಡ್ಡ ತುಂಡು ಕಿತ್ತು ಬಂತು, ಒಳಗೆಲ್ಲ ಗೆದ್ದಲು ತಿಂದು ಪೊಳ್ಳಾಗಿತ್ತು. ಒಂದು ಬೇರು ಮಾತ್ರ ಏರಿಯ ಈ ಬದಿಯಿಂದ ಆ ಬದಿಯವರೆಗೆ ಹೋಗಿತ್ತು. ಬೇರು ಅನ್ನುವುದಕ್ಕೆ ಉಳಿದದ್ದು ತೊಗಟೆ ಮಾತ್ರ. ಸೊಪ್ಪಿನವಳು ಅದರೊಳಗೆ ಮೊಣಕೈವರೆಗೆ ತೋಳು ತೂರಿಸಿ ತೋರಿಸಿದಳು. ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಎಲ್ಲರ ಕಣ್ಣಿಗೂ ಕಟ್ಟಿತು.

ಮಣ್ಣಿನ ವಿಷಯಕ್ಕೆ ಬಂದಾಗ ನನ್ನ ನಕ್ಷೆ ಕೆಲಸಕ್ಕೆ ಬರಲಿಲ್ಲ. ಜೇಡಿಮಣ್ಣು ಅಂತ ಬರೆಯುವುದು ಸುಲಭ, ಎಲ್ಲಿ ಸಿಗುತ್ತದೆ? ಕಟ್ಟೆಯೊಳಗಿನ ಹೂಳನ್ನೇ ತುಂಬೋಣ ಅಂತ ಮಗ ಅಂದ. ಅತ್ತೆ ತಲೆಯಾಡಿಸಿ, ಹೊಲದ ಮೂಲೆಯ ಒಂದು ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ಕಲಸಿ, ಕೋಡುಬಳೆಗೆ ಹೊಸೆಯುವ ಹಾಗೆ ಹೊಸೆದು, ಎರಡು ತುದಿಯನ್ನೂ ಬಗ್ಗಿಸಿ ಸೇರಿಸಿದರು. ಬಿರುಕು ಬಿಡಲಿಲ್ಲ. ಹೂಳನ್ನೂ ಹಾಗೇ ಮಾಡಿ ತೋರಿಸಿದರು, ಅದು ಅರ್ಧಕ್ಕೇ ಮುರಿಯಿತು. ಮದುವೆಯಾಗಿ ಬಂದ ವರ್ಷ ಈ ಏರಿಯನ್ನು ಎತ್ತರಿಸಿದರಂತೆ. ಮಾವ ಎಮ್ಮೆಗಳನ್ನು ಸುತ್ತಿಸಿ ತುಳಿಸುತ್ತಿದ್ದರು, ಮಣ್ಣಿನ ಉಂಡೆ ಪರೀಕ್ಷೆ ಮಾಡುವುದು ಹೊಸ ಸೊಸೆಯ ಪಾಲಿಗೆ ಬಂದಿತ್ತಂತೆ. ಬಳೆ ಹಾಕಿದ ಕೈಯಲ್ಲಿ ಮಣ್ಣಿನ ಬಳೆ ಮಾಡ್ತಿದ್ದೆ ಅಂತ ನಕ್ಕರು.

ಒಂದು ಗೇಣು ಮಣ್ಣು ಹಾಕುವುದು, ನೀರು ಚಿಮುಕಿಸುವುದು, ಬಡಿಯುವುದು. ಮತ್ತೆ ಒಂದು ಗೇಣು. ಬಡಿಯಲು ಹಿಡಿ ಇರುವ ಭಾರದ ದಿಮ್ಮಿ ಇತ್ತು. ಅದನ್ನು ಮಗ, ಸೊಸೆ, ಇಬ್ಬರು ದಾಯಾದಿಗಳು ಸರದಿಯ ಮೇಲೆ ಎತ್ತಿ ಹಾಕಿದರು. ಮೂರನೇ ದಿನ ನಾನೂ ಒಂದು ಹತ್ತು ಏಟು ಹಾಕಿದೆ. ಎರಡು ದಿನ ಭುಜ ನೋಯಿತು. ಅವತ್ತು ಸಂಜೆ ಮೆಟ್ರೋ ಹತ್ತಿದಾಗ ನನ್ನ ಸೀರೆ, ಕೈ, ಕೂದಲು ಎಲ್ಲಾ ಮಣ್ಣು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಎಲ್ಲಾದರೂ ಬಿದ್ರಾ ಆಂಟಿ ಅಂತ ಕೇಳಿದಳು. ಇಲ್ಲಮ್ಮ, ಕೆಲಸದಿಂದ ಬರ್ತಾ ಇದೀನಿ ಅಂದೆ. ಹಾಗೆ ಹೇಳಿ ಎಷ್ಟು ವರ್ಷವಾಗಿತ್ತು!

ಐದನೇ ದಿನ ಬುಡದಲ್ಲಿ ಮರಳು, ಜಲ್ಲಿ, ಕಲ್ಲು ಹಾಸಿದೆವು. ಒಳಗೆ ಬಂದ ಅಷ್ಟಿಷ್ಟು ನೀರು ಮಣ್ಣನ್ನು ಅಲ್ಲೇ ಬಿಟ್ಟು ತಾನು ಮಾತ್ರ ಹೊರಗೆ ಬರಲಿ ಅಂತ. ಸೋರುವುದನ್ನು ನಿಲ್ಲಿಸಲು ಇಷ್ಟು ಮಾಡಿ ಕೊನೆಗೆ ಸೋರಲು ದಾರಿ ಯಾಕೆ ಮಾಡಿಕೊಡುತ್ತೀರಿ ಅಂತ ಮಗ ಕೇಳಿದ. ಮೊದಲ ಸಲ ಅವನಾಗಿ ಒಂದು ಪ್ರಶ್ನೆ ಕೇಳಿದ್ದು. ಕಾಫಿ ಸೋಸುವ ಬಟ್ಟೆ ಇದ್ದ ಹಾಗೆ, ಕಷಾಯ ಇಳಿಯಬೇಕು, ಪುಡಿ ಇಳಿಯಬಾರದು ಅಂದೆ. ಅವನಿಗೆ ಅದು ಹಿಡಿಸಿತು. ಆಮೇಲೆ ನೋಡಲು ಬಂದವರಿಗೆಲ್ಲ ಅವನೇ ಹಾಗೆ ಹೇಳುತ್ತಿದ್ದ.

ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ವಿಜಯನಗರದ ನಮ್ಮ ರಸ್ತೆಯಲ್ಲಿ ಸ್ಕೂಟರುಗಳು ಅರ್ಧ ಮುಳುಗಿದವು. ಬೇರೆಯವರೆಲ್ಲ ಮನೆಯೊಳಗೆ ನೀರು ಬರುತ್ತದಾ ಅಂತ ನೋಡುತ್ತಿದ್ದರೆ, ನಾನು ಕಿಟಕಿಯ ಹತ್ತಿರ ನಿಂತು ಕೆಂಗೇರಿಯ ಕಡೆಯ ಮೋಡ ನೋಡುತ್ತಿದ್ದೆ. ಐದು ಗಂಟೆಗೆ ತಡೆಯಲಾಗದೆ ಫೋನು ಮಾಡಿದೆ. ಅತ್ತೆ ಗೋಣಿ ಕೊಪ್ಪೆ ಹಾಕಿಕೊಂಡು ಏರಿಯ ಮೇಲೆ ನಿಂತಿದ್ದಾರೆ, ಕರೆದರೂ ಬರುತ್ತಿಲ್ಲ ಅಂತ ಸೊಪ್ಪಿನವಳು ಹೇಳಿದಳು. ಮಳೆ ನಿಂತ ಮೇಲೆ ಅವಳೇ ಮತ್ತೆ ಫೋನು ಮಾಡಿದಳು. ಕಟ್ಟೆಗೆ ಒಂದಾಳು ನೀರು ಬಂದಿದೆ, ಬುಡದಲ್ಲಿ ಊಟೆ ಎದ್ದಿಲ್ಲ ಅಂದಳು.

ನಿಜವಾದ ಪರೀಕ್ಷೆ ಆಮೇಲಿನದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಹಿಡಿದು ಕಟ್ಟೆ ತುಂಬುತ್ತಾ ಹೋಯಿತು. ತುಂಬಿ ಮಿಕ್ಕ ನೀರು ಪಕ್ಕದ ಕೋಡಿಯಿಂದ ಹೊರಗೆ ಬೀಳಲು ಶುರುವಾದ ದಿನ ನಾನು, ಯಜಮಾನರು, ನಾಗರಬಾವಿಯ ಎಂಜಿನಿಯರು ಮೂವರೂ ಹೋದೆವು. ಬುಡದ ಕಲ್ಲುಗಳ ನಡುವೆ ನೀರು ಜಿನುಗುತ್ತಿತ್ತು, ಬೆರಳು ಗಾತ್ರಕ್ಕೂ ಕಡಿಮೆ. ಎಂಜಿನಿಯರು ಕಷ್ಟಪಟ್ಟು ಕೂತು, ಅಂಗೈಯಲ್ಲಿ ಹಿಡಿದು ನೋಡಿದರು. ಅಂಗೈಯ ಗೆರೆಗಳು ಒಂದೂ ಬಿಡದೆ ಕಾಣುತ್ತಿದ್ದವು. “ಸರಿಯಾಗಿದೆ ಕಣಮ್ಮ” ಅಂದರು. ಕಚೇರಿಯಲ್ಲಿದ್ದಾಗ ಅವರು ನನ್ನ ಅಕ್ಷರವನ್ನು ಹೊಗಳಿದ್ದು ಎಷ್ಟೋ ಸಲ. ಇದು ಬೇರೆ.

ಅವತ್ತು ಅವರ ಮನೆಯಲ್ಲೇ ಊಟ. ರಾಗಿಮುದ್ದೆ, ಬೆರಕೆ ಸೊಪ್ಪಿನ ಸಾರು. ಮುದ್ದೆ ನುಂಗಲು ಬಾರದ ನಮ್ಮ ಯಜಮಾನರಿಗೆ ಸೊಪ್ಪಿನವಳು ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಅತ್ತೆ ನನ್ನನ್ನು ಅಲ್ಲಿವರೆಗೆ ನೀವು ಅನ್ನುತ್ತಿದ್ದವರು ಬಡಿಸುವಾಗ “ಇನ್ನೊಂದು ತುತ್ತು ಉಣ್ಣು” ಅಂದುಬಿಟ್ಟರು. ತಪ್ಪಾಯಿತೇನೋ ಎಂಬಂತೆ ಸೊಸೆ ಅವರ ಮುಖ ನೋಡಿದಳು. ನಾನು ತಟ್ಟೆ ಮುಂದಕ್ಕೆ ಚಾಚಿದೆ. ಅಲ್ಲಿಂದ ಇಲ್ಲಿವರೆಗೂ ನೀನು ಅಂತಲೇ ಕರೆಯುತ್ತಾರೆ.

ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಏರಿಯ ಮೇಲೆ ನಡೆದು ಏಡಿ ಬಿಲ, ಇಲಿ ಬಿಲ ಹುಡುಕುತ್ತೇನೆ. ಬೆರಳುದ್ದ ಬೆಳೆದ ಹೊಂಗೆ ಸಸಿ ಕಂಡರೆ ಕಿತ್ತು ಹಾಕುತ್ತೇನೆ. ನೆರಳಿಗೆ ಬೇಕಾದರೆ ಹೊಲದ ಬದುವಿನಲ್ಲಿ ನೆಟ್ಟುಕೊಳ್ಳಲಿ. ಅತ್ತೆಗೆ ಕಣ್ಣು ಮಂಜಾಗುತ್ತಿದೆ. ಅವರು ಮುಂದೆ ಹೋಗುತ್ತಾ ಕಾಲಿನಿಂದ ಒತ್ತಿ ನೋಡಿ ಇಲ್ಲಿ ಮೆತ್ತಗಿದೆ ಅಂದರೆ, ನಾನು ಬಗ್ಗಿ ನೋಡುತ್ತೇನೆ.

ಈಚೆಗೆ ಒಂದು ಬೆಳಗ್ಗೆ ಹೋದಾಗ ಮಡಿಗಳಿಗೆ ನೀರು ಬಿಡುವ ದಿನವಾಗಿತ್ತು. ಏರಿಯಿಂದ ನೀರಿನ ಮೇಲಕ್ಕೆ ಚಾಚಿದ ಕಲ್ಲುಹಾಸಿನ ಮೇಲೆ ನಿಂತು, ತೂಬಿನ ಬಾಯಿಗೆ ಸಿಕ್ಕಿಸಿದ ಮರದ ಕಂಬವನ್ನು ಎತ್ತಬೇಕು. ಅತ್ತೆ ಕಂಬವನ್ನು ನನ್ನ ಕೈಗೆ ಕೊಟ್ಟರು. ಎತ್ತಿದಾಗ ಕೆಳಗೆ ಗುಳುಗುಳು ಸದ್ದಾಯಿತು. ಇಬ್ಬರೂ ಏರಿ ಇಳಿದು ಆಚೆ ಬದಿಯ ಕಾಲುವೆಯ ಹತ್ತಿರ ಬಂದೆವು. ನೀರಿನ ತಲೆ ಒಣ ಕಾಲುವೆಯಲ್ಲಿ ತರಗೆಲೆ, ಇರುವೆ, ನೊರೆ ಎಲ್ಲವನ್ನೂ ನೂಕಿಕೊಂಡು ಮೆಲ್ಲಗೆ ಬರುತ್ತಿತ್ತು. ಅದರ ಪಕ್ಕಕ್ಕೇ ನಾವೂ ಅದರಷ್ಟೇ ಮೆಲ್ಲಗೆ ನಡೆದೆವು. ಅದು ಒಂದು ಗುಂಡಿಯಲ್ಲಿ ನಿಂತರೆ ನಾವೂ ನಿಂತೆವು. ತುಂಬಿಕೊಂಡು ಮುಂದೆ ಹೊರಟರೆ ನಾವೂ ಹೊರಟೆವು. ಮೆಂತ್ಯದ ಮೊದಲ ಮಡಿಯ ಹತ್ತಿರ ಸೊಪ್ಪಿನವಳು ಸೀರೆ ಎತ್ತಿ ಕಟ್ಟಿ, ಸನಿಕೆ ಹಿಡಿದು ಕಾಯುತ್ತಿದ್ದಳು. ನೀರು ಬಂದಾಗ ಒಂದೇ ಏಟಿಗೆ ಬದು ಬಿಡಿಸಿ, ಅದನ್ನು ಮಡಿಗೆ ತಿರುಗಿಸಿಕೊಂಡಳು.